ಚೀಟಿ ಡಾಕ್ಟರು ಸುಮ್ಮನೆ ಕೂತದ್ದು

ಎಂಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ನನ್ನ ರಕ್ತದಲ್ಲಿ ಎಚ್‌ಐವಿ ಇದೆ ಎಂದು ನಮ್ಮ ಬೀದಿಯ ಡಾಕ್ಟರು ಮೊದಲು ಹೇಳಿದ್ದು ನನಗಲ್ಲ, ನನ್ನ ಅಣ್ಣನಿಗೆ. ಜಗಳಕ್ಕೆ ಹೋದರೆ, "ಮನೆಗೆ ಹಿರಿಯನಲ್ವೇನೋ, ಅವನಿಗೆ ಹೇಳಿದ್ರೆ ಆಯ್ತಲ್ಲ" ಅಂದರು. ನಮ್ಮಪ್ಪನ ಕಾಲದಿಂದಲೂ ಅವರ ರೂಢಿಯೇ ಅದು. ಸೊಸೆಗೆ ಜ್ವರ ಬಂದರೆ ಪಥ್ಯ ಹೇಳುವುದು ಅತ್ತೆಗೆ. ನಾನು ಬಾಗಿಲು ಒದ್ದು ಬಂದೆ. ಅಂದಿನಿಂದ ಮಾತ್ರೆಗಾಗಿ ಎರಡು ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ತಿಂಗಳಿಗೊಂದು ದಿನ ನನ್ನ ವೆಲ್ಡಿಂಗ್ ಅಂಗಡಿಗೆ ಬೀಗ.

ಬೀದಿಯವರ ಬಾಯಲ್ಲಿ ಅವರು ಚೀಟಿ ಡಾಕ್ಟರು. ರೋಗಿ ಸರಿಯಾಗಿ ಕೂರುವ ಮೊದಲೇ ಔಷಧದ ಚೀಟಿ ಬರೆದು ಹರಿದು ಕೊಟ್ಟಿರುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನಿಗೂ ಕೆಮ್ಮಿನ ಔಷಧ ಬರೆದುಕೊಟ್ಟರು. ಅವನಿಗೆ ಕೆಮ್ಮು ಇದ್ದದ್ದೂ ನಿಜ, ವಾಸಿಯಾದದ್ದೂ ನಿಜ.

ಹೋದ ವರ್ಷ ದೊಡ್ಡಾಸ್ಪತ್ರೆಯಲ್ಲಿ ನಮಗೆ ಸಮಾಧಾನ ಹೇಳುವ ಮೇಡಂ ನನ್ನನ್ನು ಕರೆದರು.

"ಬೀದಿ ಬೀದಿಯ ಡಾಕ್ಟರುಗಳಿಗೆ ತರಬೇತಿ ಕೊಡ್ತಿದೀವಿ. ಎಚ್‌ಐವಿ ಇರೋರ ಹತ್ರ ಹೇಗೆ ಮಾತಾಡ್ಬೇಕು ಅಂತ. ಪಾಸಾದವರ ಕ್ಲಿನಿಕ್ಕಿಗೇ ಮಾತ್ರೆ ಕಳಿಸ್ತೀವಿ. ಪರೀಕ್ಷೆಗೆ ನೀವು ರೋಗಿಯ ಪಾತ್ರ ಮಾಡ್ತೀರಾ?"

"ಪಾತ್ರ ಯಾಕಮ್ಮ, ಅಸಲಿ ಮಾಲೇ ಎದುರಿಗಿದೆಯಲ್ಲ," ಎಂದೆ.

ಪರೀಕ್ಷೆಯ ದಿನ ನನ್ನೆದುರು ಬಂದು ಕೂತವರು ಚೀಟಿ ಡಾಕ್ಟರೇ. ಇಬ್ಬರೂ ಇಂಗು ತಿಂದ ಮಂಗನ ಹಾಗಾದೆವು. ಅವರು ಫೇಲಾದರೆ ನನಗೆ ಎರಡು ಬಸ್ಸು ತಪ್ಪಿದ್ದಲ್ಲ. ಪಾಸಾದರೆ ತಿಂಗಳು ತಿಂಗಳೂ ಆ ಮುಖವನ್ನೇ ನೋಡಬೇಕು.

ನಿಯಮ ಸುಲಭದ್ದು. ವಿಷಯವನ್ನು ನೇರವಾಗಿ ಹೇಳಬೇಕು, ರೋಗಿ ತಾನಾಗಿ ಬಾಯಿ ಬಿಡುವವರೆಗೆ ಸುಮ್ಮನಿರಬೇಕು. ಮೇಡಂ ಮೊದಲು ಡಾಕ್ಟರ ಪೆನ್ನು ಇಸಿದುಕೊಂಡರು.

"ನಿಮ್ಮ ರಕ್ತದಲ್ಲಿ ಎಚ್‌ಐವಿ ಇದೆ. ದಿನಾ ಮಾತ್ರೆ ತಗೊಂಡ್ರೆ ಚೆನ್ನಾಗಿ ಬಾಳಬಹುದು," ಎಂದು ಡಾಕ್ಟರು ಬಾಯಿ ಮುಚ್ಚಿದರು.

ಬಾಯಿ ಸುಮ್ಮನಾಯಿತು, ಕೈ ಆಗಲಿಲ್ಲ. ಬರಿಬೆರಳು ಮೇಜಿನ ಮೇಲೆ ಚೀಟಿ ಬರೆಯತೊಡಗಿತು. ಎರಡು ಹೊತ್ತು, ಊಟವಾದ ಮೇಲೆ ಅಂತ ನಾನೇ ಓದಿಕೊಳ್ಳಬಹುದಿತ್ತು. ಸತಾಯಿಸಬೇಕೆಂದೇ ನಾನು ತುಟಿ ಬಿಗಿಹಿಡಿದು ಕೂತೆ. ಅವರ ಕಿವಿ ಕೆಂಪೇರಿತು. ಕೊನೆಗೆ ಬಲಗೈಯನ್ನು ತೊಡೆಯಡಿ ತುರುಕಿ ಅದರ ಮೇಲೆ ತಾವೇ ಕೂತುಬಿಟ್ಟರು. ಅರವತ್ತು ದಾಟಿದ ಮನುಷ್ಯ! ನನಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಅದನ್ನು ನುಂಗಿ ಗುಡುಗಿದೆ.

"ನಮ್ಮಣ್ಣನಿಗೆ ಹೇಳ್ತೀರೇನ್ರೀ?"

"ನಿಮ್ಮನ್ನ ಕೇಳದೆ ಯಾರಿಗೂ ಹೇಳಲ್ಲ. ನನ್ನ ಹೆಂಡತಿಗೂ."

ಅವರ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಡುವವರೇ ಆಕೆ. "ಮತ್ತೆ ಮಾತ್ರೆ ಯಾರು, ನಿಮ್ಮ ಬೆಕ್ಕು ಕೊಡುತ್ತಾ?"

"ಅದನ್ನೂ ನಿಮ್ಮನ್ನೇ ಕೇಳ್ತೀನಿ," ಎಂದರು ಡಾಕ್ಟರು, ಕೈಮೇಲೆ ಕೂತೇ.

ಮೇಡಂ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಡಾಕ್ಟರು ಪಾಸಾದರು.

ಈಗ ಮಾತ್ರೆಗೆ ನಾಲ್ಕು ಹೆಜ್ಜೆ. ಮೊದಲ ಸಲ ಹೋದಾಗ ಡಾಕ್ಟರು ಬಾಗಿಲು ಹಾಕಿಕೊಂಡು, "ಅವತ್ತು ನಾನು ಮಾಡಿದ್ದು ತಪ್ಪು ಕಣಪ್ಪ. ಮನ್ನಿಸ್ತೀಯಾ?" ಎಂದರು. ಎಂದವರು ಸುಮ್ಮನಾದರು. ಕಲಿತ ವಿದ್ಯೆಯನ್ನು ನನ್ನ ಮೇಲೆಯೇ ತಿರುಗಿಸಿದ್ದರು. ನಾನೂ ಸುಮ್ಮನೆ. ಹೊರಗಿದ್ದವರು ಕೆಮ್ಮಿದರು, ಬಾಗಿಲು ಬಡಿದರು. ಸೋತು ನಾನೇ ಎದ್ದು ಬಂದೆ.

ಹನ್ನೊಂದು ತಿಂಗಳಾಯಿತು. ಪ್ರತಿ ಸಲವೂ ಅವರು ಒಂದು ನಿಮಿಷ ಸುಮ್ಮನೆ ಕಾಯುತ್ತಾರೆ. ನಾನು ಕೊಡಬೇಕಾದ ಉತ್ತರ ಹಾಗೇ ಬಾಕಿ ಇದೆ.