ಬಲೆಗಾರ ಎವರಿಸ್ತೊ ಗಾಳ ಹಿಡಿದದ್ದು

ಲಗೂನಾ ಮಾದ್ರೆ ಎಂಬ ಆಳವಿಲ್ಲದ ಕಡಲ ಹಿನ್ನೀರಿನಲ್ಲಿ ಬಲೆ ಬೀಸುವುದನ್ನು ಸರ್ಕಾರ ನಿಲ್ಲಿಸಿದಾಗ ಎವರಿಸ್ತೊ ತಮ್ಮ ಬಲೆಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಆಮೇಲೆ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಗಾಳಕ್ಕೆ ಮಾರುವ ಸೀಗಡಿಯ ತೊಟ್ಟಿಯ ಪಕ್ಕ ಕಾಫಿ ಹಿಡಿದು ಕೂರುತ್ತಿದ್ದರು. ಮಗಳು ದೆಲ್ಫಿನಾ ಪೇಟೆಯವರನ್ನು ದೋಣಿಯಲ್ಲಿ ಕರೆದೊಯ್ದು ಗಾಳ ಹಾಕಿಸುವ ಕಸುಬು ಹಿಡಿದಾಗ ಅವರ ಮೈಯೆಲ್ಲ ಉರಿಯಿತು.

“ಹಿಡಿಯೋದು, ಫೋಟೋ ತೆಗೆಯೋದು, ಬಿಡೋದು! ತಿನ್ನೋ ಪದಾರ್ಥದ ಜೊತೆ ಆಟ ಆಡ್ತೀಯಾ?”

“ನೀನಂತೂ ನೀರೇ ಬಿಟ್ಟೆಯಲ್ಲಪ್ಪಾ.”

ಆ ಮಾತು ನಾಟಿತು. ಆರು ವರ್ಷ ಅವರು ಮಗಳ ದೋಣಿಗೆ ಕಾಲಿಡಲಿಲ್ಲ.

ಒಂದು ಜನವರಿಯಲ್ಲಿ ಬಡಗಣ ಗಾಳಿ ಎದ್ದಿತು. ಅದು ಮೈ ಕೊರೆಯುವುದಷ್ಟೇ ಅಲ್ಲ, ಮೊಣಕಾಲುದ್ದದ ನೀರನ್ನೂ ತಳ್ಳಿಕೊಂಡು ಹೋಗುತ್ತದೆ. ಮಧ್ಯಾಹ್ನ ಅಂಗಡಿಯ ರೇಡಿಯೋದಲ್ಲಿ ದೆಲ್ಫಿನಾಳ ದನಿ ಕೇಳಿಸಿತು.

“ಚೆಮಾ, ದೋಣಿ ಕೆಸರಿಗೆ ಕೂತುಬಿಟ್ಟಿದೆ. ಜೊತೆಗಿರೋ ಹಲ್ಲಿನ ಡಾಕ್ಟರು ಅವರ ಹಲ್ಲೇ ಉದುರೋ ಹಾಗೆ ನಡುಗ್ತಿದ್ದಾರೆ.”

ನಾನು ಉತ್ತರಿಸುವ ಮೊದಲೇ ಎವರಿಸ್ತೊ ಎದ್ದಿದ್ದರು. “ಎಲ್ಲಿದ್ದಾಳಂತೆ ಕೇಳೋ.”

“ಕೊಕ್ಕರೆ ದಿಬ್ಬದ ಆಚೆಯಂತೆ.”

“ಇಂಥಾ ಗಾಳೀಲಿ ಅಲ್ಲಿಗೆ ಹೋಗ್ತಾರಾ? ಕತ್ತೆ!”

ಅವರ ಹಳೆಯ ಚಪ್ಪಟೆ ತಳದ ಮರದ ದೋಣಿಗೆ ನನ್ನ ಎಂಜಿನ್ ಕಟ್ಟಿಕೊಂಡು ಹೊರಟೆವು. ಆಳ ಮುಗಿದಲ್ಲಿ ಇಳಿದು, ದೋಣಿಯನ್ನು ಎಳೆಯುತ್ತ ಅರ್ಧ ಮೈಲಿ ನಡೆದೆವು. ಎಪ್ಪತ್ತರ ಮುದುಕರು ಒಮ್ಮೆಯೂ ನಿಲ್ಲಲಿಲ್ಲ.

ಡಾಕ್ಟರಿಗೆ ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಟ್ಟು ನಮ್ಮ ದೋಣಿಯಲ್ಲಿ ಕೂರಿಸಿದೆವು. ದೆಲ್ಫಿನಾಳ ದೋಣಿಯನ್ನು ಅಲ್ಲೇ ಬಿಟ್ಟು, ಅಪ್ಪ ಮಗಳು ಹಗ್ಗ ಎಳೆದರು. ದಾರಿಯಲ್ಲಿ ಒಂದು ಕಡೆ ಎವರಿಸ್ತೊ ಕೈ ಎತ್ತಿದರು. ಕಪ್ಪು ಕೆಸರಿನ ತಗ್ಗಿನಲ್ಲಿ ಮಾತ್ರ ನೀರು ಉಳಿದಿತ್ತು. ಚಳಿಗೆ ಅಲ್ಲಿ ಸೇರಿದ್ದ ಕೆಂಪು ಮೀನುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

“ಒಂದು ಬಲೆ ಇದ್ದಿದ್ರೆ...” ಎಂದರು.

ದೆಲ್ಫಿನಾ ತನ್ನ ಗಾಳದ ಕೋಲು ಚಾಚಿದಳು.

“ಈ ಕಡ್ಡೀಲಾ?”

“ಒಂದ್ಸಲ ಹಾಕಿ ಯಜಮಾನರೇ!” ಎಂದು ಕಂಬಳಿಯೊಳಗಿಂದ ಡಾಕ್ಟರೇ ಕೂಗಿದರು.

ಎವರಿಸ್ತೊ ಹಾಕಿದರು. ಸೀಗಡಿಯನ್ನು ತಳಕ್ಕೆ ಬಿಟ್ಟು ಮೆಲ್ಲಗೆ, ಬಹಳ ಮೆಲ್ಲಗೆ ಎಳೆದರು. ಮೀನು ಕಚ್ಚಿತು. ಬಲೆಯಲ್ಲಿ ನೂರು ಮೀನಿನ ಭಾರ ಒಟ್ಟಿಗೆ ಬರುತ್ತದೆ. ಇಲ್ಲಿ ಒಂದೇ ಜೀವದ ಗಾಬರಿ ದಾರದ ಉದ್ದಕ್ಕೂ ನಡೆದು ಅವರ ಅಂಗೈಗೆ ಬಂತು. ಮೀನು ಕಾಲ ಬಳಿಗೆ ಬಂದಾಗ ಅವರು ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

“ಬಲೇಲಿ ಇದು ಗೊತ್ತೇ ಆಗ್ತಿರ್ಲಿಲ್ಲ,” ಎಂದರು. ಆಮೇಲೆ ಗಡುಸಾಗಿ, “ಬಿಡಲ್ಲ ಕಣೇ, ಹೇಳಿರ್ತೀನಿ!”

“ಯಾರು ಬಿಡು ಅಂದ್ರು? ಸರ್ಕಾರ ಹೇಳಿದ ಅಳತೆಗಿದೆ, ಇಟ್ಕೋ.”

ಸಂಜೆ ಅದನ್ನು ಕೆಂಡದ ಮೇಲೆ ಸುಟ್ಟು, ನಿಂಬೆ ಹಿಂಡಿ, ಮೆಕ್ಕೆಜೋಳದ ತೋರ್ತಿಯಾ ರೊಟ್ಟಿಯಲ್ಲಿ ಸುತ್ತಿಕೊಂಡು ನಾಲ್ವರೂ ತಿಂದೆವು. ಮರುದಿನ ಗಾಳಿ ತಗ್ಗಿ ನೀರು ಮರಳಿತು. ದೆಲ್ಫಿನಾಳ ದೋಣಿ ತರಲು ಇಬ್ಬರೂ ಹೋದರು. ಬರುವಾಗ ಚುಕ್ಕಾಣಿ ಅಪ್ಪನ ಕೈಯಲ್ಲಿತ್ತು.

ಮುಂದೆ ನಾಲ್ಕು ಚಳಿಗಾಲ ಎವರಿಸ್ತೊ ಮಗಳ ಜೊತೆ ಹೋದರು. ಮೀನು ಬಿಡುವಾಗ ಮಾತ್ರ ಮುಖ ತಿರುಗಿಸಿಬಿಡುತ್ತಿದ್ದರು. “ನಿಧಾನ ಕಣ್ರೀ, ನೀರಲ್ಲಿರೋದು ಮೀನು, ಕುದುರೆ ಅಲ್ಲ!” ಎಂದು ದಾರ ಜಗ್ಗುವ ಗಿರಾಕಿಗಳನ್ನು ಗದರುತ್ತಿದ್ದರು. ಆ ಬೈಗುಳ ತಿನ್ನಲೆಂದೇ ಹಲವರು ಮರುವರ್ಷವೂ ಬರುತ್ತಿದ್ದರು.