ಹೆಸರು ಉಜ್ಜಿದ ಬ್ರೇಕ್

ಮೊನ್ನೆ ಮತ್ತೆ ಮುರಿಯಿತು! ಎರಡು ತಿಂಗಳಲ್ಲಿ ಇದು ಮೂರನೆಯ ಬ್ರೇಕ್ ಹಿಡಿಕೆ. ಅಪ್ಪನ ಕಾಲದ ಸೈಕಲ್ಲನ್ನು ಮತ್ತೆ ಓಡಿಸಬೇಕೆಂದು ಹಟ ಹಿಡಿದದ್ದೇ ತಪ್ಪಾಯಿತೇನೋ. ಕೈಯಲ್ಲಿ ಉಳಿದ ತುಂಡಿನ ಮೇಲೆ ಕಂಪನಿಯ ಹೆಸರು ಮಾತ್ರ ಫಳಫಳ ಹೊಳೆಯುತ್ತಿತ್ತು. ಸುಡುಗಾಡು ಹೆಸರು! ಅದನ್ನು ನೋಡುತ್ತಿದ್ದಂತೆ ಕೊಟ್ಟೂರಿನ ನಮ್ಮ ಓಣಿಯ ಸೈಕಲ್ ಶಾಪಿನ ಕಾಕಾ ನೆನಪಾದರು...

ಆಗ ಸೈಕಲ್ಲಿನ ಒಂದೊಂದು ಸಾಮಾನಿಗೂ ಒಂದೊಂದು ಹೆಸರಿತ್ತು. ಹಿಡಿಕೆ, ಬ್ರೇಕಿನ ಕಂಬಿ, ಬೆಲ್ಲು, ಕಡೆಗೆ ನಟ್ಟಿನ ತಲೆಯ ಮೇಲೂ ಅಕ್ಷರ ಒತ್ತಿರುತ್ತಿದ್ದರು. ಮೊದಲು ಇಂಗ್ಲೆಂಡಿನವು ಬಂದವು, ಆಮೇಲೆ ನಮ್ಮ ದೇಶದವು, ಅವುಗಳ ಬೆನ್ನಿಗೇ ನಕಲಿ. ನಕಲಿಯವರು ಮೊದಮೊದಲು ಹೆಸರಿನಲ್ಲಿ ಒಂದಕ್ಷರವನ್ನಾದರೂ ಆಚೀಚೆ ಮಾಡುತ್ತಿದ್ದರು; ಬರಬರುತ್ತ ಆ ನಾಚಿಕೆಯನ್ನೂ ಬಿಟ್ಟರು. ನಮಗೆ ಇದೆಲ್ಲ ಎಲ್ಲಿ ಗೊತ್ತು? ಹೆಸರು ತೋರಿಸಿ ಜಂಬ ಕೊಚ್ಚುವುದೊಂದು ಗೊತ್ತಿತ್ತು.

ನಾನು ಕಾಲೇಜು ಸೇರಿದ ವರ್ಷ ಕಾಕಾ ನನ್ನ ಸೈಕಲ್ಲಿಗೆ ಹೊಸ ಹಿಡಿಕೆ ಹಾಕಿದರು. ನೋಡಿದರೆ ಹೆಸರೇ ಇಲ್ಲ! ಅದಿದ್ದ ಜಾಗವನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಅಂಗಡಿ ಮುಂದೆ ನಿಂತ ಹತ್ತು ಜನರ ಎದುರಿಗೇ ಕೇಳಿಬಿಟ್ಟೆ.

"ಹೆಸರು ಉಜ್ಜೀರಿ ಅಂದ್ರ ಇದು ಕಳವಿನ ಮಾಲು ಇರಬೇಕಲ್ರಿ ಕಾಕಾ?"

ಅವರು ಕೈ ಒರೆಸಿಕೊಂಡು, "ಬ್ರೇಕ್ ಹಿಡಿತೈತಿಲ್ಲೋ ನೋಡ್ಕಳಪಾ" ಎಂದರು. ಅಷ್ಟೇ.

ಬಾಯಲ್ಲಿ ಕಡುಬು ತುರುಕಿಕೊಂಡಿದ್ದರೇನು ಆ ಮನುಷ್ಯ? ಇನ್ನೆರಡು ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು? ನನ್ನ ಮಾತು ಓಣಿ ದಾಟಿ ಬಸ್ ಸ್ಟ್ಯಾಂಡ್ ಮುಟ್ಟಿತು. ಜನ ಬೇರೆ ಅಂಗಡಿ ನೋಡಿಕೊಂಡರು. ವರ್ಷ ತುಂಬುವುದರೊಳಗೆ ಕಾಕಾ ಬಾಗಿಲು ಹಾಕಿ ಊರೇ ಬಿಟ್ಟರು. ನಾನೂ ಮರೆತೆ... ಮರೆತೆ ಎಂದುಕೊಂಡಿದ್ದೆ.

ಹಿಡಿಕೆ ಮುರಿದ ಮರುದಿನ, ಹರಪನಹಳ್ಳಿಯಲ್ಲಿ ಹಳೆಯ ಸೈಕಲ್ ಸಾಮಾನು ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ, ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಹೋದೆ. ಅಂಗಡಿಯಲ್ಲಿದ್ದ ಹೆಂಗಸು ಒಂದು ಹಿಡಿಕೆ ತೆಗೆದು, ಇಕ್ಕಳದಲ್ಲಿ ಸಿಕ್ಕಿಸಿ, ಮೈಭಾರ ಬಿಟ್ಟು ಜಗ್ಗಿ ನೋಡಿದಳು. ಆಮೇಲೆ ಅರ ತೆಗೆದುಕೊಂಡು ಅದರ ಹೆಸರನ್ನು ಉಜ್ಜತೊಡಗಿದಳು.

"ಯಾಕಮ್ಮಾ, ಹೆಸರು ಯಾಕ ಉಜ್ಜತೀರಿ?"

"ನಕಲಿ ಮ್ಯಾಲೂ ಇದ ಹೆಸರು ಇರ್ತೈತ್ರಿ. ಜಗ್ಗಿ ನೋಡಿ ಗಟ್ಟಿ ಅಂದದ್ದು ಯಾವ್ದು ಅಂತ ಗುರ್ತು ಬೇಕಲ್ರಿ, ಅದಕ್ಕ ಉಜ್ಜತೀವಿ. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ ಇದು. ಮೊದ್ಲು ಕೊಟ್ಟೂರಾಗ ಅಂಗಡಿ ಇತ್ತು ನಮ್ದು. ಅಲ್ಲಿ ಯಾವನೋ ಹುಡುಗ ಕಳವಿನ ಮಾಲು ಅಂದುಬಿಟ್ನಂತ. 'ಯಾಕ ಉಜ್ಜೀರಿ ಅಂತ ಕೇಳಿದ್ರ ಹೇಳ್ತಿದ್ದೆ, ಅವ ಕೇಳ್ಲೇ ಇಲ್ಲ' ಅಂತ ಸಾಯೋತನಕ ಅಂತಿದ್ದ ನಮ್ಮಪ್ಪ."

ಅಂದರೆ ಕಾಕಾ ಹೋಗಿಬಿಟ್ಟಿದ್ದರು. ತಪ್ಪಾಯಿತು ಎನ್ನುವುದಕ್ಕೆ ಉಳಿದವಳು ಈ ಮಗಳೊಬ್ಬಳೇ. ಇಷ್ಟು ವರ್ಷ ಅವರು ಬಾಯಿ ಬಿಡಲಿಲ್ಲವೆಂದು ಸಿಡುಕಿದವನು ನಾನು. ಈಗ ನನ್ನ ನಾಲಗೆಗೆ ಏನು ಬಡಿದಿತ್ತೋ!

ಹಿಡಿಕೆ ಬಿಗಿದು ಮುಗಿಸಿ ಆಕೆ ತಲೆಯೆತ್ತಿದಳು.

"ತಮ್ಮದು ಯಾವೂರಾತ್ರಿ?"

"ಹಡಗಲಿ" ಎಂದೆ.