ಮನೆದೇವರು ಕೇಳಿದವನು

ಮದುವೆಯ ಜಾಲತಾಣಗಳು ಹೆಸರು ಬರೆದ ಕೂಡಲೇ ಜಾತಿ, ಒಳಪಂಗಡ, ನಕ್ಷತ್ರ ಕೇಳುತ್ತಿದ್ದವು. ಅಲ್ಲಿಗೇ ಮುಚ್ಚಿಬಿಡುತ್ತಿದ್ದೆ. ಒಂದು ಡೇಟಿಂಗ್ ತಾಣ ಮಾತ್ರ ಮೊದಲಿಗೆ, ರಜೆಯ ದಿನ ಏನು ಮಾಡುತ್ತೀರಿ ಎಂದು ಕೇಳಿತು. ಜಾತಿ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಅದಕ್ಕೇ ಅದನ್ನು ಆರಿಸಿಕೊಂಡೆ. ದೇವನಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದರೆ ಪಕ್ಕದಲ್ಲೇ ಕೂತು ಬರೆದೆ: ಬೆಟ್ಟ ಹತ್ತುತ್ತೇನೆ, ಹಳೆಯ ಹಾಡು ಕೇಳುತ್ತೇನೆ, ಜಾತಿ ಕೇಳುವವರು ದಯವಿಟ್ಟು ಮುಂದೆ ಹೋಗಿ. ನನಗಾಗ ಮೂವತ್ತೈದು ದಾಟಿತ್ತು. ಬೇಕಾಗಿದ್ದಿಷ್ಟೇ, ನನ್ನನ್ನು ನನಗಾಗಿ ಮೆಚ್ಚುವ ಒಬ್ಬ ಮನುಷ್ಯ.

ಸೂಲಿಬೆಲೆಯವನೊಬ್ಬ ಉತ್ತರಿಸಿದ. ಹೊಸಕೋಟೆ ಕಡೆಯ ಕಾರ್ಖಾನೆಯಲ್ಲಿ ಎಂಜಿನಿಯರ್. "ಕೊನೇ ಸಾಲು ಓದಿ ಖುಷಿಯಾಯ್ತು ಕಣ್ರೀ. ನಂಗೂ ಆ ಕಾಟ ಸಾಕಾಗಿದೆ" ಎಂದು ಬರೆದಿದ್ದ.

ತಿಂಗಳುಗಟ್ಟಲೆ ಮಾತಾಡಿದೆವು. ಸಿಗೋಣ ಎಂದರೆ ಮಾತ್ರ ಶಿಫ್ಟು, ಆಡಿಟ್ಟು, ಅಕ್ಕನ ಮಗುವಿಗೆ ಜ್ವರ. ಪಾಪದವನು, ನಾಚಿಕೆಯಿರಬೇಕು ಎಂದುಕೊಂಡೆ.

ಒಂದು ಸಂಜೆ ಶಿವಗಂಗೆ ಹತ್ತಿದ ಫೋಟೊ ಕಳಿಸಿದೆ. "ಮನೆದೇವ್ರು ಅಲ್ಲೇನಾ?" ಎಂದ. ಹೌದೆಂದೆ. "ಅಮ್ಮನ ಕಡೆಯೋರು?" ಆವತಿ ಊರಿನವರು ಎಂದೆ. ನನ್ನವರನ್ನೆಲ್ಲ ತಿಳಿಯುವ ಆಸೆ ಇವನಿಗೆ ಎಂದು ಉಬ್ಬಿಹೋಗಿ ಅಮ್ಮನ ತಂದೆಯಾದ ತಾತನ ಹೆಸರನ್ನೂ ಹೇಳಿದೆ, ಅವರ ಕತೆಯನ್ನೂ ಹೇಳಿದೆ. ಡೋಲು ಬಡಿಯುವವರನ್ನು ಪಂಕ್ತಿಯಿಂದ ಎಬ್ಬಿಸಿದರೆಂದು ತಾತ ನೆಂಟರ ಮದುವೆಯ ಎಲೆ ಬಿಟ್ಟು ಎದ್ದು ಬಂದಿದ್ದರು. "ದೊಡ್ ಮನುಷ್ಯರು ಕಣ್ರೀ ಅವ್ರು" ಎಂದ. ಅದಾಗಿ ವಾರಕ್ಕೆ ತಾನಾಗಿಯೇ ಸಿಗೋಣವೇ ಎಂದು ಕೇಳಿದ. ತಾತನ ಕತೆಗೇ ಮನಸೋತ ಎಂದುಕೊಂಡೆ. ಕಾಫಿ ಕುಡಿದೆವು, ನಕ್ಕೆವು, ನನಗವನು ನಿಜವಾಗಿಯೂ ಹಿಡಿಸಿದ.

ಮುಂದಿನ ಭಾನುವಾರ ಸುಮ್ಮನೆ ಪರಿಚಯಕ್ಕೆಂದು ಹೇಳಿ ತಾಯಿಯನ್ನೂ ಸೋದರಮಾವನನ್ನೂ ನಮ್ಮ ಮನೆಗೆ ಕರೆತಂದ. ಹೂವು, ಹಣ್ಣು ಬಂದಾಗಲೇ ಇದು ಹೆಣ್ಣು ನೋಡುವ ಶಾಸ್ತ್ರ ಎಂದು ಹೊಳೆಯಿತು. ಮಾವ ಉಪ್ಪಿಟ್ಟು ತಿನ್ನುತ್ತ ಅಮ್ಮನಿಗೆ ಹೇಳಿದರು:

"ಆವತೀಲಿ ವಿಚಾರಿಸ್ಬಿಟ್ಟೆ ಕಣಮ್ಮ. ನಿಮ್ ತಂದೆ ಹೆಸ್ರು ಹೇಳ್ತಿದ್ದಂಗೇ ಎಲ್ಲಾ ತಿಳೀತು. ನಮ್ಮೋರೇ ಅಂತ ಗ್ಯಾರಂಟಿ ಆದ್ಮೇಲೇ ಇವ್ನಿಗೆ ಹೋಗಿ ನೋಡ್ಕೊಂಡ್ ಬಾ ಅಂದಿದ್ದು."

ಅಮ್ಮನ ಮುಖ ಅರಳಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಆಗ ನನಗೆ ಗೊತ್ತಾಯಿತು. ಅವನನ್ನೇ ಕೇಳಿದೆ, "ಮನೆದೇವ್ರು ಬೇರೆಯಾಗಿದ್ರೆ ಅವತ್ತು ಕಾಫಿಗೆ ಬರ್ತಿದ್ರಾ?"

ಅವನು ಮೊದಲು ನೋಡಿದ್ದು ಮಾವನ ಮುಖವನ್ನು. ಆಮೇಲೆ, "ಎಲ್ಲಾ ಕೂಡ್ಬಂದಿದ್ಯಲ್ಲ, ಈಗ್ಯಾಕೆ ಆ ಮಾತು" ಎಂದ.

ನನಗೆ ಒಪ್ಪಿಗೆಯಿಲ್ಲ ಎಂದು ಅಲ್ಲೇ ಹೇಳಿದೆ. ಕಾರು ಹೋದ ಮೇಲೆ ಅಮ್ಮ ತಟ್ಟೆಗಳನ್ನು ಕುಕ್ಕುತ್ತ, "ಜಾತಿ ಬೇರೆ ಅಂತ ಬಿಟ್ಟೋರ್ನ ನೋಡಿದ್ದೀನಿ, ಒಂದೇ ಅಂತ ಬಿಟ್ಟೋಳು ನೀನೊಬ್ಳೇ ಕಣೇ" ಎಂದಳು. ಅವನನ್ನು ಕಳೆದುಕೊಂಡ ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಎಲೆ ಬಿಟ್ಟು ಎದ್ದು ಬಂದ ತಾತನ ಹೆಸರು ಹಿಡಿದೇ ಅವರು ನನ್ನ ಜಾತಿ ಪತ್ತೆ ಮಾಡಿದ್ದರು. ಆ ಹೆಸರನ್ನು ಅವರ ಕೈಗೆ ಕೊಟ್ಟವಳು ನಾನು.